ಗೋಬಿ ಗಾಡಿ, ವೆಜ್ ಹೋಟೆಲ್, ಫ್ಯಾಮಿಲಿ ರೆಸ್ಟೋರೆಂಟ್: ಚೈನೀಸ್ ತಿನ್ನೋಕೆ ಎಲ್ಲಿಗೆ ಹೋಗೋದು?

ಶಿರಸಿ, ಕಾರವಾರ, ಕುಮಟಾ ಕಡೆಯ ಓದುಗರಿಂದ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಮಗಳ ಹುಟ್ಟುಹಬ್ಬ, ಅವಳಿಗೆ ಚೈನೀಸೇ ಆಗಬೇಕು. ಜೊತೆಗೆ ಅಜ್ಜ, ಅಜ್ಜಿ ಬರುತ್ತಾರೆ, ಅವರು ಮೊಟ್ಟೆ ತಾಗಿದ ಬಾಣಲೆಯಲ್ಲಿ ಮಾಡಿದ್ದನ್ನು ಮುಟ್ಟುವವರಲ್ಲ. ಗಾಡಿಯದೇ ರುಚಿ ಅಂತ ಮಕ್ಕಳು, ಫ್ಯಾನಿನ ಕೆಳಗೆ ಕೂತು ಸಮಾಧಾನವಾಗಿ ತಿನ್ನೋಣ ಅಂತ ದೊಡ್ಡವರು. ಖರ್ಚೂ ಕೈ ಮೀರಬಾರದು. ಯಾರ ಮಾತು ಕೇಳೋದು?

ಎಲ್ಲರಿಗೂ ಒಂದೇ ಉತ್ತರ ಕೊಡೋಕೆ ಆಗುವುದಿಲ್ಲ. ಆದರೆ ಆರಿಸುವಾಗ ಹೊರಗಿನ ಬೋರ್ಡಿಗಿಂತ ಒಳಗಿನ ಒಲೆಯನ್ನು ಜಾಸ್ತಿ ನೋಡಿ ಅಂತ ಎಲ್ಲರಿಗೂ ಹೇಳುತ್ತೇನೆ. ಕೆಂಪು ಡ್ರ್ಯಾಗನ್ ಬರೆಸುವುದು ಸುಲಭ. ಬೆಂಕಿ, ಎಣ್ಣೆ, ಅಡುಗೆಯವರ ಕೈ, ಈ ಮೂರನ್ನು ದಿನಾ ಸರಿಯಾಗಿ ಇಟ್ಟುಕೊಳ್ಳುವುದು ಕಷ್ಟ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾವು ಚೈನೀಸ್ ಅನ್ನುವ ಊಟ ಬೆಳೆದದ್ದು ಬಹುಪಾಲು ಕೋಲ್ಕತ್ತಾ ಮತ್ತು ಮುಂಬೈಯಲ್ಲಿ. ಕೋಲ್ಕತ್ತಾದ ಟಾಂಗ್ರಾದಲ್ಲಿ ಚರ್ಮ ಹದ ಮಾಡುತ್ತಿದ್ದ ಹಕ್ಕಾ ಚೀನೀ ಕುಟುಂಬಗಳ ಅಡುಗೆಯೇ ಮುಂದೆ ಹೋಟೆಲುಗಳಿಗೆ ಬಂತು. ಕೋಲ್ಕತ್ತಾದಲ್ಲೇ ಹುಟ್ಟಿದ ನೆಲ್ಸನ್ ವಾಂಗ್ 1975ರ ಹೊತ್ತಿಗೆ ಮುಂಬೈಯ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದಲ್ಲಿ ಅಡುಗೆ ಮಾಡುತ್ತಿದ್ದರು. ಹಸಿಮೆಣಸು, ಶುಂಠಿ, ಬೆಳ್ಳುಳ್ಳಿ ಹುರಿದು, ಗರಂ ಮಸಾಲೆಯ ಬದಲು ಸೋಯಾ ಸಾಸ್ ಹಾಕಿ, ಕಾರ್ನ್‌ಫ್ಲೋರಿನಿಂದ ಗಟ್ಟಿ ಮಾಡಿದ ಚಿಕನ್ ಮಂಚೂರಿಯನ್ ಅವರ ಕೈಯಿಂದ ಬಂದದ್ದು. ಕೋಳಿಯ ಜಾಗಕ್ಕೆ ಹೂಕೋಸು ಬಂದಮೇಲೆ ಅದು ನಮ್ಮ ಗೋಬಿ ಮಂಚೂರಿ ಆಯಿತು. ಹಾಗಾಗಿ ಬೆಂಗಳೂರಿನದು ಅಸಲಿ, ನಮ್ಮೂರಿನದು ನಕಲಿ ಅನ್ನುವ ಲೆಕ್ಕ ಬೇಡ. ಬೆಂಗಳೂರಿನ ಯಾವುದೋ ಬಡಾವಣೆಯ ಸಾಧಾರಣ ಚೈನೀಸ್ ರೆಸ್ಟೋರೆಂಟಿನಲ್ಲೂ ಹೆಚ್ಚುಕಮ್ಮಿ ಇದೇ ಸಾಸ್, ಇದೇ ನೂಡಲ್ಸ್ ಪ್ಯಾಕೆಟ್.

ಏನೇನು ನೋಡಬೇಕು

ಮೊದಲನೆಯದು ಬೆಂಕಿ. ಫ್ರೈಡ್ ರೈಸ್ ಚೆನ್ನಾಗಿ ಆಗಬೇಕಾದರೆ ಬಾಣಲೆ ಹೊಗೆಯಾಡುವಷ್ಟು ಕಾಯಬೇಕು, ಅನ್ನ ತಳ ಹಿಡಿಯುವ ಮೊದಲೇ ಮೇಲಕ್ಕೆ ಹಾರಬೇಕು. ಒಂದು ಸಲಕ್ಕೆ ಒಂದೆರಡು ಪ್ಲೇಟಿನಷ್ಟು ಹಾಕಿದರೆ ಮಾತ್ರ ಇದು ಸಾಧ್ಯ. ಹತ್ತು ಪ್ಲೇಟಿನ ಅನ್ನ ಒಟ್ಟಿಗೆ ಸುರಿದರೆ ಬಾಣಲೆ ತಣ್ಣಗಾಗುತ್ತದೆ, ತರಕಾರಿ ನೀರು ಬಿಡುತ್ತದೆ, ಅನ್ನ ಮುದ್ದೆಯಾಗುತ್ತದೆ. ಆಮೇಲೆ ಎಷ್ಟು ಸಾಸ್ ಸುರಿದರೂ ಸರಿಹೋಗದು.

ಎರಡನೆಯದು ಎಣ್ಣೆ ಮತ್ತು ಬಣ್ಣ. ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸಿದರೆ ಅದರಲ್ಲಿ ಪೋಲಾರ್ ಅಂಶಗಳು, ಅಂದರೆ ಎಣ್ಣೆ ಕೆಡುತ್ತಾ ಹೋದಂತೆ ಹುಟ್ಟುವ ವಸ್ತುಗಳು, ಹೆಚ್ಚುತ್ತವೆ. ಅವು ಶೇ 25 ದಾಟಿದ ಎಣ್ಣೆಯನ್ನು ಬಳಸಬಾರದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ 2018ರ ಜುಲೈನಿಂದ ಇದೆ. ನಮ್ಮ ಹತ್ತಿರ ಅಳೆಯುವ ಉಪಕರಣ ಇಲ್ಲ, ಆದರೆ ಕಣ್ಣು, ಮೂಗು ಇವೆ. ಎಣ್ಣೆ ಕಪ್ಪಾಗಿದ್ದರೆ, ನೊರೆ ಬಂದು ಇಳಿಯದೇ ನಿಂತರೆ, ಗಂಟಲು ಕೆರೆಯುವ ಹೊಗೆ ಬಂದರೆ ಅಲ್ಲಿಂದ ಎದ್ದುಬಿಡಿ. ಬಣ್ಣದ ವಿಷಯಕ್ಕೆ ಗಾಡಿಯ ಹತ್ತಿರ ಬಂದಾಗ ಬರುತ್ತೇನೆ.

ಮೂರನೆಯದು ಸಸ್ಯಾಹಾರದ ಪ್ರಶ್ನೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಿಗೆ ಇದು ಸಣ್ಣ ವಿಷಯ ಅಲ್ಲ. ಬೇರೆ ಅಡುಗೆಮನೆ ಇದೆಯೋ, ಬೇರೆ ಬಾಣಲೆ ಮಾತ್ರವೋ, ಅಥವಾ ಅದೂ ಇಲ್ಲವೋ, ಈ ಮೂರಕ್ಕೂ ತುಂಬಾ ವ್ಯತ್ಯಾಸ ಇದೆ. ಈರುಳ್ಳಿ, ಬೆಳ್ಳುಳ್ಳಿ ತಿನ್ನದವರು ಇನ್ನೂ ಒಂದು ತಿಳಿದಿರಬೇಕು. ತಟ್ಟೆಗೆ ಬೆಳ್ಳುಳ್ಳಿ ಹಾಕಬೇಡಿ ಅಂದರೆ ಸಾಲದು, ಶೆಜ್ವಾನ್ ಸಾಸಿನಲ್ಲೂ ಬಹಳಷ್ಟು ಚಿಲ್ಲಿ ಸಾಸ್ ಬಾಟಲಿಗಳಲ್ಲೂ ಅದು ಮೊದಲೇ ಇರುತ್ತದೆ.

ಉಳಿದದ್ದು ಕೂರುವ ಅನುಕೂಲ ಮತ್ತು ಹಣ. ಹಣ ಅಂದರೆ ಮೆನುವಿನ ದರ ಒಂದೇ ಅಲ್ಲ. ನೀರಿನ ಬಾಟಲಿ, ಶೇ 5 ಜಿಎಸ್‌ಟಿ, ಹೋಗಿಬರುವ ಪೆಟ್ರೋಲ್ ಎಲ್ಲ ಸೇರಿಸಿ ಹೊಟ್ಟೆ ತುಂಬಲು ಎಷ್ಟಾಯಿತು ಅಂತ ನೋಡಬೇಕು. ಅಂದಹಾಗೆ, ಕಾಂಪೊಸಿಷನ್ ಯೋಜನೆಯಲ್ಲಿರುವ, ಅಂದರೆ ವಹಿವಾಟಿನ ಮೇಲೆ ಸರಳವಾಗಿ ತಾವೇ ತೆರಿಗೆ ಕಟ್ಟುವ ಸಣ್ಣ ಹೋಟೆಲುಗಳು ಗ್ರಾಹಕರಿಂದ ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ. ಬಿಲ್ಲನ್ನು ಒಮ್ಮೆ ಓದಿ.

ಗಾಡಿ: ಬೆಂಕಿಯಲ್ಲಿ ಮೊದಲ ಸ್ಥಾನ

ಬೆಂಕಿಯ ವಿಷಯದಲ್ಲಿ ಗಾಡಿಯನ್ನು ಮೀರಿಸುವವರು ಕಡಿಮೆ. ಒಲೆ ಜೋರು, ಬಾಣಲೆ ತೆಳು, ಮಾಡುವವರು ದಿನಕ್ಕೆ ನೂರು ಸಲ ಅದನ್ನೇ ಮಾಡಿ ಕೈ ಪಳಗಿಸಿಕೊಂಡವರು. ನಿಮ್ಮ ಕಣ್ಣೆದುರೇ ಎಲ್ಲ ನಡೆಯುತ್ತದೆ. ಸಾಮಾನು ಅಂದಂದೇ ಖಾಲಿಯಾಗುವುದರಿಂದ ಹಳಸಿದ್ದು ಬರುವ ಭಯ ಕಡಿಮೆ. ಐವತ್ತು, ಅರವತ್ತು ರೂಪಾಯಿಗೆ ಒಂದು ಪ್ಲೇಟ್ ಸಿಗುತ್ತದೆ, ಹಾಫ್ ಕೇಳಿದರೆ ಇನ್ನೂ ಕಡಿಮೆ. ಕಾಲೇಜು ಹುಡುಗರಿಗೆ, ಕೆಲಸ ಮುಗಿಸಿ ಬಸ್ಸಿಗೆ ಕಾಯುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ.

ತೊಂದರೆ ಎಣ್ಣೆಯಲ್ಲಿ ಮತ್ತು ಬಣ್ಣದಲ್ಲಿ. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯದ ಆರೋಗ್ಯ ಇಲಾಖೆ ಗೋಬಿ ಮಂಚೂರಿಯ 171 ಮಾದರಿಗಳನ್ನು ಪರೀಕ್ಷೆ ಮಾಡಿಸಿತ್ತು. ಅದರಲ್ಲಿ 107ರಲ್ಲಿ ಟಾರ್ಟ್ರಾಜಿನ್, ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್‌ನಂಥ ಕೃತಕ ಬಣ್ಣ ಸಿಕ್ಕಿತು. ಆಮೇಲೆ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ಸರ್ಕಾರ ನಿಷೇಧಿಸಿತು. ಗೋಬಿಯನ್ನೇ ನಿಷೇಧಿಸಿದ್ದಾರೆ ಅಂತ ಆಗ ತುಂಬಾ ಜನ ತಿಳಿದರು, ಅದು ತಪ್ಪು. ಗೋವಾದ ಮಾಪುಸಾ ನಗರಸಭೆ ಅದೇ ವರ್ಷ ತನ್ನ ವ್ಯಾಪ್ತಿಯ ಮಳಿಗೆಗಳಲ್ಲಿ ಗೋಬಿಯನ್ನೇ ಬಂದ್ ಮಾಡಿತ್ತು, ಎರಡೂ ಸುದ್ದಿ ಬೆರೆತುಹೋದವು. ನಮ್ಮಲ್ಲಿ ಬಣ್ಣ ಹಾಕದ ಗೋಬಿ ಮಾರಲು ಯಾವ ಅಡ್ಡಿಯೂ ಇಲ್ಲ. ಅದು ಕಂದು ಬಣ್ಣಕ್ಕೆ ಇರುತ್ತದೆ, ಬ್ಯಾಡಗಿ ಮೆಣಸಿನ ಪುಡಿ ಹಾಕಿದ್ದರೆ ಸ್ವಲ್ಪ ಕೆಂಪು. ತಿಂದಮೇಲೆ ಬೆರಳಿಗೆ ಅಂಟಿದ ಕೆಂಪು ತೊಳೆದರೂ ಹೋಗದಿದ್ದರೆ ಆ ಗಾಡಿಗೆ ಮತ್ತೆ ಹೋಗಬೇಡಿ.

ಗಾಡಿಗೆ ಹೋಗುವುದಾದರೆ ಸಂಜೆ ಬೇಗ ಹೋಗಿ. ಎಣ್ಣೆ ಹೊಸದಾಗಿರುವುದು ಆಗಲೇ. ರಾತ್ರಿ ಒಂಬತ್ತೂವರೆಗೆ ಉಳಿದಿರುವುದು ಅದೇ ಎಣ್ಣೆಯ ಕೊನೆಯ ಭಾಗ. ದಿನಾ ಒಂದೇ ಜಾಗದಲ್ಲಿ ನಿಲ್ಲುವ ಗಾಡಿಯನ್ನೇ ಆರಿಸಿ. ಅವರಿಗೆ ನಾಳೆ ನಿಮ್ಮ ಮುಖ ನೋಡಬೇಕು. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂದಾಗ ಬಿಡ್ಕಿಬೈಲಿನ ಸುತ್ತ ಮಂಚೂರಿ ಅಂಗಡಿಗಳ ಸಾಲೇ ಏಳುತ್ತದೆ. ಜಾತ್ರೆಯ ಸಂಭ್ರಮದಲ್ಲಿ ತಿನ್ನಬೇಡಿ ಅಂತ ನಾನು ಹೇಳುವುದಿಲ್ಲ, ಆದರೆ ಚಿಕ್ಕ ಮಕ್ಕಳಿಗೆ ಕೊಡಿಸುವ ಮೊದಲು ಬಾಣಲೆಯ ಎಣ್ಣೆಯನ್ನೂ ಪಾತ್ರೆ ತೊಳೆಯುವ ನೀರನ್ನೂ ಒಮ್ಮೆ ನೋಡಿ.

ಎಗ್ ರೈಸೂ ಗೋಬಿ ರೈಸೂ ಒಂದೇ ಬಾಣಲೆಯಲ್ಲಿ ಆಗುವ ಗಾಡಿಗಳೇ ಹೆಚ್ಚು. ಕಟ್ಟಾ ಸಸ್ಯಾಹಾರಿಗಳು ವೆಜ್ ಮಾತ್ರ ಮಾಡುವ ಗಾಡಿ ಹುಡುಕಬೇಕು. ಶಿರಸಿಯಲ್ಲಿ ಅದು ಸಿಗುವುದು ಕಷ್ಟ ಅಲ್ಲ.

ಇನ್ನು ಟೇಸ್ಟಿಂಗ್ ಪೌಡರ್, ಅಂದರೆ ಅಜಿನೊಮೊಟೊ. ಇದಕ್ಕೆ ಹೆದರಿ ಗಾಡಿಯಿಂದ ದೂರ ಇರುವವರು ಬಹಳ. 1908ರಲ್ಲಿ ಜಪಾನಿನ ಕಿಕುನೆ ಇಕೆಡಾ ಕಡಲಪಾಚಿಯ ಸಾರಿನಿಂದ ಇದನ್ನು ಬೇರ್ಪಡಿಸಿದರು. ಸಾಮಾನ್ಯವಾಗಿ ಅಡುಗೆಗೆ ಹಾಕುವ ಪ್ರಮಾಣದಲ್ಲಿ ದೊಡ್ಡವರಿಗೆ ಅದರಿಂದ ಅಪಾಯ ಇಲ್ಲ. ನಿಜವಾಗಿ ಯೋಚಿಸಬೇಕಾದ್ದು ಉಪ್ಪಿನ ಬಗ್ಗೆ. ಒಂದು ದೊಡ್ಡ ಚಮಚ ಸೋಯಾ ಸಾಸಿನಲ್ಲಿ ಸುಮಾರು 900 ಮಿಲಿಗ್ರಾಂ ಸೋಡಿಯಂ ಇರುತ್ತದೆ. ದಿನಕ್ಕೆ 2000 ಮಿಲಿಗ್ರಾಂ ದಾಟಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬಿಪಿ ಇರುವವರು ಗ್ರೇವಿ ಬಿಟ್ಟು ಡ್ರೈ ತಗೊಳ್ಳಿ, ಸೂಪ್ ಬಿಟ್ಟುಬಿಡಿ. ಈ ಮಾತು ಎಲ್ಲಾ ಕಡೆಗೂ ಸೇರಿದ್ದು.

ವೆಜ್ ಹೋಟೆಲು: ಯಾರೂ ಉಪವಾಸ ಬೀಳದ ಜಾಗ

ಬೆಳಿಗ್ಗೆ ಇಡ್ಲಿ, ಬನ್ಸ್, ಮಧ್ಯಾಹ್ನ ಊಟ, ಸಂಜೆ ಚೈನೀಸ್. ಇಂಥ ಹೋಟೆಲು ಜಿಲ್ಲೆಯ ಎಲ್ಲ ಊರಲ್ಲೂ ಇದೆ. ಆರಂಭದಲ್ಲಿ ಕೇಳಿದ ಹುಟ್ಟುಹಬ್ಬಕ್ಕೆ ನನ್ನ ಆಯ್ಕೆ ಇದೇ. ಅಜ್ಜಿಗೆ ಮಸಾಲೆ ದೋಸೆ, ಅಜ್ಜನಿಗೆ ಮೊಸರನ್ನ, ಮಕ್ಕಳಿಗೆ ಗೋಬಿ, ನೂಡಲ್ಸ್, ಕೊನೆಗೆ ಎಲ್ಲರಿಗೂ ಐಸ್‌ಕ್ರೀಮ್. ಮೊಟ್ಟೆಯ ಪ್ರಶ್ನೆಯೇ ಏಳುವುದಿಲ್ಲ. ಕೈ ತೊಳೆಯಲು ನೀರು, ಕೂರಲು ಕುರ್ಚಿ, ಪಾಯಿಖಾನೆ ಎಲ್ಲ ಇರುತ್ತದೆ. ಆರು ಜನರಿಗೆ ಸಾವಿರದ ಆಸುಪಾಸಿನಲ್ಲಿ ಮುಗಿಸಬಹುದು.

ರುಚಿಯಲ್ಲಿ ಸ್ವಲ್ಪ ಬಿಟ್ಟುಕೊಡಬೇಕಾಗುತ್ತದೆ. ದೋಸೆಯ ಕಾವಲಿ ನೋಡಿಕೊಳ್ಳುವವರೇ ಬಾಣಲೆಗೂ ಬಂದರೆ ಬೆಂಕಿಯ ಹದ ಸಿಗುವುದಿಲ್ಲ. ಗೋಬಿಯನ್ನು ಸಂಜೆಗೇ ಒಮ್ಮೆ ಕರಿದಿಟ್ಟು, ಕೇಳಿದಾಗ ಸಾಸಿನಲ್ಲಿ ಹೊರಳಿಸಿ ಕೊಡುವುದು ಇಲ್ಲಿ ಸಾಮಾನ್ಯ. ಅದಕ್ಕೆ ಆರ್ಡರ್ ಕೊಡುವಾಗಲೇ ಮತ್ತೊಮ್ಮೆ ಕರಿದು, ಡ್ರೈ ಮಾಡಿ ಕೊಡಿ ಅಂತ ಹೇಳಿ. ಖುಷಿಯಿಂದ ಮಾಡಿಕೊಡುತ್ತಾರೆ. ಮಳೆಗಾಲದಲ್ಲಿ ಹೂಕೋಸಿಗೆ ಹುಳುವಿನ ಕಾಟ, ನೀರೂ ಜಾಸ್ತಿ, ದರವೂ ಏರುತ್ತದೆ. ಆಗ ಬೇಬಿಕಾರ್ನ್ ಅಥವಾ ಅಣಬೆ ವಾಸಿ. ಗೋಬಿಯ ನಿಜವಾದ ಕಾಲ ಚಳಿಗಾಲ. ಹೂವು ಗಟ್ಟಿಯಾಗಿ, ಸಿಹಿಯಾಗಿ ಇರುತ್ತದೆ.

ಫ್ಯಾಮಿಲಿ ರೆಸ್ಟೋರೆಂಟು: ಸಾಧಾರಣ, ಆದರೆ ಬಿಡುವಂಥದ್ದಲ್ಲ

ಸೌತ್ ಇಂಡಿಯನ್, ನಾರ್ತ್ ಇಂಡಿಯನ್, ತಂದೂರ್, ಚೈನೀಸ್, ಎಲ್ಲವೂ ಒಂದೇ ಬೋರ್ಡಿನ ಮೇಲೆ. ಮೆನು ತೆರೆದರೆ ಪುಟ ತಿರುಗಿಸಿದಷ್ಟೂ ಮುಗಿಯದು. ಇವು ಸಾಧಾರಣ ಆಗುವುದಕ್ಕೆ ಆ ಮೆನುವೇ ಕಾರಣ. ಅಷ್ಟೊಂದು ಬಗೆಗೆ ಅಂದಂದೇ ಸಾಮಾನು ತರುವುದು ಯಾರಿಗೂ ಆಗದು, ಫ್ರೀಜರ್ ಮೇಲೆ ನಿಲ್ಲಬೇಕಾಗುತ್ತದೆ. ಇನ್ನು ಶೆಜ್ವಾನ್, ಹಾಂಗ್‌ಕಾಂಗ್, ಸಿಂಗಾಪುರ ಅಂತ ಹೆಸರು ಏನೇ ಇರಲಿ, ಕೆಳಗೆ ಇರುವುದು ಎರಡು ಮೂರು ಸಾಸುಗಳೇ.

ಹಾಗಂತ ನಾನು ಇವುಗಳನ್ನು ತಳ್ಳಿಹಾಕುವುದಿಲ್ಲ. ಮಾಂಸ ತಿನ್ನುವವರು ಕೆಲವರು, ತಿನ್ನದವರು ಕೆಲವರು ಇರುವ ಗುಂಪಿಗೆ, ರಾತ್ರಿ ತಡವಾಗಿ ಊರು ತಲುಪಿದವರಿಗೆ, ಎರಡು ತಾಸು ಕೂತು ಮಾತಾಡಬೇಕಾದ ಗೆಳೆಯರಿಗೆ ಇದೇ ಸರಿ. ಕಡಿಮೆ ಬಗೆ ತರಿಸಿಕೊಳ್ಳುವುದು ಇಲ್ಲಿಯ ಗುಟ್ಟು. ಸ್ವೀಟ್‌ಕಾರ್ನ್ ಅಥವಾ ಮಂಚೌ ಸೂಪ್ ಒನ್ ಬೈ ಟು ಹೇಳಿ. ನಾಲ್ಕು ಜನಕ್ಕೆ ಎರಡು ಫ್ರೈಡ್ ರೈಸ್, ಒಂದು ಹಕ್ಕಾ ನೂಡಲ್ಸ್, ಒಂದು ಚಿಲ್ಲಿ ಚಿಕನ್ ಸಾಕು. ಇವೆಲ್ಲ ದಿನಾ ಹೋಗುವ ಐಟಂ, ಸಾಮಾನು ತಾಜಾ ಇರುತ್ತದೆ, ಕೈಯೂ ಕುಳಿತಿರುತ್ತದೆ. ಯಾರೂ ಕೇಳದ ಐಟಂ ಕೇಳಿದರೆ ಅದು ಎಂದಿನದೋ ಏನೋ. ನಾಲ್ವರಿಗೆ ಎಂಟುನೂರರಿಂದ ಸಾವಿರದ ಇನ್ನೂರು ಅಂತ ಇಟ್ಟುಕೊಳ್ಳಿ, ಕುಡಿಯುವ ಲೆಕ್ಕ ಬೇರೆ. ಬಾರ್ ಇರುವ ಕಡೆ ಮಕ್ಕಳನ್ನು ಕರೆದುಕೊಂಡು ಹೋಗುವವರು ಫ್ಯಾಮಿಲಿ ರೂಮ್ ಬೇರೆ ಇದೆಯಾ ಅಂತ ಫೋನಿನಲ್ಲೇ ಕೇಳಿಕೊಳ್ಳಿ. ವೆಜ್‌ಗೆ ಬಾಣಲೆ ಬೇರೆ ಇಡುತ್ತೀರಾ ಅಂತಲೂ ಕೇಳಿ. ಉತ್ತರ ಕೊಡಲು ತಡವರಿಸಿದರೆ ಇಲ್ಲ ಅಂತಲೇ ತಿಳಿಯಿರಿ.

ಇಂಥ ಅಡುಗೆಮನೆಗಳಲ್ಲಿ ಬಾಣಲೆ ಹಿಡಿದವರು ಎಷ್ಟೋ ಸಲ ನೇಪಾಳ, ಡಾರ್ಜಿಲಿಂಗ್, ಈಶಾನ್ಯ ರಾಜ್ಯಗಳ ಕಡೆಯವರು. ಮನೆ ಬಿಟ್ಟು ಇಷ್ಟು ದೂರ ಬಂದು ನಮ್ಮ ಸಂಜೆಗಳಿಗೆ ರುಚಿ ಕೊಡುತ್ತಾರೆ. ನಮ್ಮ ದಸರೆಯ ಹೊತ್ತಿಗೇ ಅವರ ದಶೈಂ ಹಬ್ಬವೂ ಬರುತ್ತದೆ, ಊರಿಗೆ ಹೋಗುತ್ತಾರೆ. ಆಗ ಅದೇ ಹೋಟೆಲಿನ ಅದೇ ನೂಡಲ್ಸ್ ಬೇರೆಯೇ ಆಗಿರುತ್ತದೆ. ಯಾರೋ ಹೊಗಳಿದ ಜಾಗದಲ್ಲಿ ನಿಮಗೆ ಸಪ್ಪೆ ಸಿಕ್ಕಿದರೆ ಹೋಟೆಲಿಗಿಂತ ಮೊದಲು ಅಡುಗೆಯವರು ಬದಲಾಗಿದ್ದಾರಾ ಅಂತ ವಿಚಾರಿಸಿ. ಚೆನ್ನಾಗಿ ಮಾಡಿದವರಿಗೆ ಒಳಗೆ ಹೋಗಿ ಒಂದು ಮಾತು ಹೇಳಿ ಬನ್ನಿ, ಅವರಿಗೆ ಅದು ದೊಡ್ಡದು.

ಕಾರವಾರದಲ್ಲಿ ಲೆಕ್ಕ ಬೇರೆ

ಘಟ್ಟದ ಮೇಲೆ ಹೂಕೋಸು ರಾಜ, ಕೆಳಗೆ ಮೀನು. ಬೈತಖೋಲದ ಬಂದರು ಊರಿಗೇ ಅಂಟಿಕೊಂಡಿರುವಾಗ ಫ್ರೀಜರಿನ ಚಿಕನ್ ಲಾಲಿಪಾಪ್ ತರಿಸಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಕಾರವಾರದ ಸಾಧಾರಣ ರೆಸ್ಟೋರೆಂಟು ಕೂಡ ಸೀಗಡಿ ಫ್ರೈಡ್ ರೈಸ್, ಚಿಲ್ಲಿ ಪ್ರಾನ್ಸ್ ವಿಷಯದಲ್ಲಿ ದೊಡ್ಡ ಊರಿನ ದುಬಾರಿ ಜಾಗಕ್ಕೆ ಸರಿಸಾಟಿ ಆಗಬಲ್ಲದು, ಸೀಗಡಿ ಅಂದಿನದಾಗಿದ್ದರೆ. ಇಂದಿನ ಶೆಟ್ಲಿ (ಸೀಗಡಿ) ಇದೆಯಾ ಅಂತ ನೇರವಾಗಿ ಕೇಳಿ. ಇಲ್ಲ ಅಂದವರ ಪ್ರಾಮಾಣಿಕತೆಗೆ ಬೆಲೆ ಕೊಟ್ಟು ಬೇರೆ ಏನಾದರೂ ತಗೊಳ್ಳಿ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ 61 ದಿನ ಸೀಗಡಿ ಸಿಕ್ಕರೂ ಅದು ಬಹುಪಾಲು ಐಸಿನದು, ಇಲ್ಲವೇ ಕೆರೆಯಲ್ಲಿ ಸಾಕಿದ್ದು, ಅಥವಾ ಕಾಳಿ ನದಿಯ ಹಿನ್ನೀರಿನದು. ದರವೂ ಏರಿರುತ್ತದೆ. ಆಗ ಎಗ್ ಫ್ರೈಡ್ ರೈಸ್, ವೆಜ್ ನೂಡಲ್ಸ್ ಕಡೆ ತಿರುಗುವುದೇ ಜಾಣತನ.

ನೌಕಾನೆಲೆ, ಕೈಗಾ ಎರಡೂ ಇರುವುದರಿಂದ ಕಾರವಾರಕ್ಕೆ ದೇಶದ ಎಲ್ಲ ಕಡೆಯ ಜನ ಬಂದು ನೆಲೆಸಿದ್ದಾರೆ. ಅವರು ರಜೆಯ ದಿನ ಎಲ್ಲಿ ತಿನ್ನುತ್ತಾರೆ ಅಂತ ನೋಡುವುದು ಒಳ್ಳೆಯ ಸುಳಿವು. ಟಾಗೋರ್ ಕಡಲತೀರದ ಹತ್ತಿರ ಸಂಜೆ ಸುಮ್ನೆ ತಿರುಗಾಡಲು ಹೋದವರಿಗೆ ಗಾಡಿಯ ಒಂದು ಹಾಫ್ ಸಾಕು. ಆದರೆ ಅಲ್ಲಿ ಗಾಳಿಯ ಜೊತೆ ಮರಳೂ ಬರುತ್ತದೆ. ಮುಚ್ಚಳ ಇಟ್ಟು ಸಾಮಾನು ಕಾಪಾಡುವವರ ಹತ್ತಿರ ತಗೊಳ್ಳಿ.

ದೊಡ್ಡ ಊರಿಗೆ ಹೋಗಿ ತಿನ್ನಬೇಕಾ?

ಶಿರಸಿಯಿಂದ ಹುಬ್ಬಳ್ಳಿ ನೂರು ಕಿಲೋಮೀಟರ್ ಹತ್ತಿರ. ಕಾರವಾರದಿಂದ ಮಡಗಾಂವ್ ಎಪ್ಪತ್ತರ ಆಸುಪಾಸು. ಬರೀ ಮಂಚೂರಿ, ಫ್ರೈಡ್ ರೈಸ್ ತಿನ್ನಲು ಅಷ್ಟು ದೂರ ಹೋಗಬೇಡಿ. ಹಣ ಎರಡರಷ್ಟಾಗುತ್ತದೆ, ರುಚಿ ಎರಡರಷ್ಟು ಆಗುವುದಿಲ್ಲ. ಆವಿಯಲ್ಲಿ ಬೇಯಿಸಿದ ಡಿಮ್‌ಸಮ್, ಇಡೀ ಮೀನನ್ನು ಶುಂಠಿಯ ಜೊತೆ ಆವಿಯಲ್ಲಿ ಮಾಡಿದ್ದು, ಸಿಚುವಾನ್ ಮೆಣಸಿನ ನಾಲಿಗೆ ಜೋಮು ಹಿಡಿಸುವ ಖಾರ, ಇಂಥ ನಮ್ಮಲ್ಲಿ ಸಿಗದ್ದನ್ನು ಒಮ್ಮೆ ನೋಡಬೇಕು ಅನ್ನುವವರು ಮಾತ್ರ ಹೋಗಿ. ಅದೂ ದೊಡ್ಡ ಊರಿನ ಸಾಧಾರಣ ಜಾಗಕ್ಕಲ್ಲ, ಆ ಅಡುಗೆಯನ್ನೇ ಮುಖ್ಯವಾಗಿ ಮಾಡುವ ಜಾಗಕ್ಕೆ. ಬೇರೆ ಕೆಲಸಕ್ಕೆ ಹೋದಾಗ ಸೇರಿಸಿಕೊಂಡರೆ ಪೆಟ್ರೋಲಿನ ಭಾರವೂ ತಪ್ಪುತ್ತದೆ.

ಮನೆಯಲ್ಲೇ, ಅಥವಾ ಪಾರ್ಸೆಲ್

ಈರುಳ್ಳಿ, ಬೆಳ್ಳುಳ್ಳಿ ಬಿಟ್ಟವರಿಗೆ ನಂಬಬಹುದಾದ ಜಾಗ ಮನೆ ಒಂದೇ. ಶುಂಠಿ, ಹಸಿಮೆಣಸು, ಕಾಳುಮೆಣಸು, ಸೋಯಾ ಸಾಸ್, ಒಂದೆರಡು ಹನಿ ವಿನೆಗರ್ ಇದ್ದರೆ ಬೆಳ್ಳುಳ್ಳಿಯ ಕೊರತೆ ಅಷ್ಟೊಂದು ಕಾಣುವುದಿಲ್ಲ. ಕಾಳುಮೆಣಸು ಹೇಗೂ ನಮ್ಮ ತೋಟದ್ದೇ. ಸೋನಾ ಮಸೂರಿಯನ್ನು ನೀರು ಕಡಿಮೆ ಇಟ್ಟು ಬೇಯಿಸಿ, ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಫ್ರಿಜ್‌ನಲ್ಲಿಡಿ. ಮರುದಿನ ಹುರಿದರೆ ಅಗುಳು ಅಗುಳಾಗಿ ಬರುತ್ತದೆ. ಅನ್ನವನ್ನು ರಾತ್ರಿಯಿಡೀ ಹೊರಗೆ ಇಟ್ಟು ಬೆಳಿಗ್ಗೆ ಹುರಿಯಬೇಡಿ. ಅದರಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ, ವಾಂತಿ ಆಗುತ್ತದೆ. ಮನೆಯ ಗ್ಯಾಸ್ ಒಲೆಗೆ ಗಾಡಿಯ ಒಲೆಯ ಜೋರು ಇಲ್ಲ. ಅದಕ್ಕೆ ಒಂದು ಸಲಕ್ಕೆ ಇಬ್ಬರಿಗೆ ಸಾಕಾಗುವಷ್ಟೇ ಹಾಕಿ, ಕಬ್ಬಿಣದ ಬಾಣಲೆಯನ್ನು ಚೆನ್ನಾಗಿ ಕಾಯಿಸಿಕೊಳ್ಳಿ. ಹತ್ತು ಜನ ನೆಂಟರು ಬಂದ ದಿನ ಇದು ಆಗದ ಕೆಲಸ, ಕೊನೆಯವರ ತಟ್ಟೆ ತುಂಬುವ ಹೊತ್ತಿಗೆ ಮೊದಲಿನವರು ಕೈ ತೊಳೆದಿರುತ್ತಾರೆ.

ಅಂಥ ದಿನ ಪಾರ್ಸೆಲ್ ತರುವುದಾದರೆ ನೂಡಲ್ಸ್, ಫ್ರೈಡ್ ರೈಸ್ ಮಾತ್ರ ತನ್ನಿ. ಹದಿನೈದು ಇಪ್ಪತ್ತು ನಿಮಿಷದ ದಾರಿಯನ್ನು ಅವು ತಡೆಯುತ್ತವೆ. ಗೋಬಿ ತಡೆಯದು, ಮುಚ್ಚಿದ ಡಬ್ಬಿಯ ಆವಿಗೆ ಅದು ಮೆತ್ತಗಾಗುತ್ತದೆ. ಬೇಕೇ ಬೇಕು ಅಂದರೆ ಕರಿದ ಗೋಬಿ ಬೇರೆ, ಸಾಸ್ ಬೇರೆ ಕಟ್ಟಿಸಿಕೊಳ್ಳಿ. ಬಿಸಿ ಗ್ರೇವಿಯನ್ನು ತೆಳು ಪ್ಲಾಸ್ಟಿಕ್ ಕವರಿಗೆ ಹಾಕಿಸಬೇಡಿ, ಮನೆಯಿಂದಲೇ ಒಂದು ಸ್ಟೀಲ್ ಡಬ್ಬಿ ತಗೊಂಡು ಹೋಗಿ.